ನಾಲೆ ಬತ್ತಿದ ತಿಂಗಳಲ್ಲಿ ಜಮೀನು ನೋಡಿ

ಬೆಂಗಳೂರಿನಿಂದ ಮಂಡ್ಯ ಸೀಮೆಗೆ ಜಮೀನು ನೋಡಲು ಬರುವವರು ಸಾಮಾನ್ಯವಾಗಿ ದಸರಾ ರಜೆಯ ಆಸುಪಾಸಿನಲ್ಲಿ ಬರುತ್ತಾರೆ. ಮಳೆ ಚೆನ್ನಾಗಿದ್ದ ವರ್ಷವಾದರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ತುಂಬಿ ಹರಿಯುತ್ತಿರುತ್ತದೆ, ಭತ್ತ ಹೊಡೆಗೆ ಬಂದಿರುತ್ತದೆ, ರಸ್ತೆಯ ಎರಡೂ ಕಡೆ ಕಬ್ಬು ಆಳುದ್ದ ನಿಂತಿರುತ್ತದೆ. ಆ ಹಸಿರು ನೋಡಿ ಮುಂಗಡ ಕೊಟ್ಟವರನ್ನು ಏಪ್ರಿಲ್‌ನಲ್ಲಿ ಕರೆತಂದರೆ ಅದೇ ಜಾಗವೆಂದು ನಂಬುವುದಿಲ್ಲ. ನಾಲೆಯ ತಳ ಬಿರುಕು ಬಿಟ್ಟಿರುತ್ತದೆ, ಗದ್ದೆಯಲ್ಲಿ ಬರೀ ಕೂಳೆ, ತಗ್ಗಿನಲ್ಲಿ ಉಪ್ಪು ಚೆಲ್ಲಿದ ಹಾಗೆ ಬಿಳಿ ಪದರ. ಆ ಬಿಳಿ ಪದರಕ್ಕೆ ಇಲ್ಲಿ ಚೌಳು ಅನ್ನುತ್ತಾರೆ. ನೀರು ನಿಂತಿದ್ದಾಗ ಅದು ಕಾಣುವುದಿಲ್ಲ, ಹಾಗಾಗಿ ಮಾರುವವರಿಗೂ ದಸರಾ ಒಳ್ಳೆಯ ಕಾಲ.

ಊರು ಬಿಟ್ಟು ಹಳ್ಳಿಗೆ ಬರುವ ಕೆಲಸದಲ್ಲಿ ಕೆಡುವುದರಲ್ಲಿ ಮುಕ್ಕಾಲು ಪಾಲು ಕೆಡುವುದು ಕೆಲಸಗಳ ಸರದಿ ತಪ್ಪಿದ್ದರಿಂದ. ಮೊದಲು ಜಮೀನು, ಆಮೇಲೆ ಬೋರ್‌ವೆಲ್, ಆಮೇಲೆ ಮನೆ, ಕೊನೆಗೆ ಊರಿನವರ ಪರಿಚಯ ಎಂಬ ಸರದಿಯಲ್ಲಿ ಹೋದವರು ಎರಡು ವರ್ಷದಲ್ಲಿ ಬೋರ್ಡು ಹಾಕಿ ಮಾರಲು ಕೂತಿದ್ದನ್ನು ಕಂಡಿದ್ದೇವೆ. ಇದನ್ನು ಪೂರ್ತಿ ತಿರುಗಿಸಬೇಕು. ಮೊದಲು ಬಾಡಿಗೆ ಮನೆ ಹಿಡಿದು ಒಂದು ವರ್ಷ ಇರಬೇಕು. ಜಮೀನಿನ ಮಾತು ಆಮೇಲೆ.

ಹಳ್ಳಿಯಲ್ಲಿ ಬಾಡಿಗೆಗಿದೆ ಎಂಬ ಬೋರ್ಡು ಎಲ್ಲೂ ನೇತಾಡುವುದಿಲ್ಲ. ಕೇಳಬೇಕಾದ ಜಾಗ ಹಾಲಿನ ಡೇರಿ, ಬೆಳಿಗ್ಗೆ ಹಾಲು ಹಾಕುವ ಹೊತ್ತು. ಅರ್ಧ ಊರು ಕ್ಯಾನು ಹಿಡಿದು ಅಲ್ಲಿ ನಿಂತಿರುತ್ತದೆ, ಯಾರ ಮನೆಗೆ ಬೀಗ ಬಿದ್ದಿದೆ, ಯಾರ ಮಗ ಬೆಂಗಳೂರಲ್ಲೇ ನಿಂತುಬಿಟ್ಟ ಎಂಬುದು ಎಲ್ಲರಿಗೂ ಗೊತ್ತು.

"ಯಾವ ಕಡೆಯವರಣ್ಣ? ಜಮೀನ್ ನೋಡಕ್ ಬಂದ್ರಾ?"

"ಇಲ್ಲ ಕಣಣ್ಣ, ಬಾಡಿಗೆಗೆ ಮನೆ ಬೇಕಾಗಿತ್ತು."

"ಬಾಡಿಗೆಗಾ? ಹಂಗಾರೆ ಬನ್ನಿ, ಟೀ ಕುಡೀವ."

ಜಮೀನು ಎಂದಿದ್ದರೆ ಸಂಜೆಯೊಳಗೆ ಊರಿನ ಗುಂಟೆಯ ರೇಟು ಏರಿರುತ್ತಿತ್ತು. ಬಾಡಿಗೆ ಎಂದರೆ ನೀವು ಬರೀ ನೆಂಟರು.

ಸಿಗುವ ಮನೆ ಹೆಚ್ಚಾಗಿ ಮಾಲೀಕರು ಹಬ್ಬಕ್ಕಷ್ಟೇ ಬರುವ ಮನೆ. ಒಂದು ಕೋಣೆಗೆ ಅವರದೇ ಬೀಗ ಇರುತ್ತದೆ. ಮಾರಿಹಬ್ಬಕ್ಕೂ ಪಿತೃಪಕ್ಷಕ್ಕೂ ಅವರು ಬಂದು ಎರಡು ದಿನ ಇರುವುದುಂಟು. ಅದನ್ನು ಮೊದಲೇ ಮಾತಾಡಿ 11 ತಿಂಗಳ ಕರಾರಿನಲ್ಲಿ ಬರೆಸಿಕೊಂಡರೆ ಮುಂದೆ ಮುಖ ಕೆಡುವುದಿಲ್ಲ. ಮನೆ ನೋಡುವಾಗ ಗೋಡೆಯ ಬಣ್ಣ ಬಿಟ್ಟು ನಾಲ್ಕು ಕಡೆ ಕಣ್ಣು ಹಾಯಿಸಿ. ಶೌಚದ ಗುಂಡಿ ಕುಡಿಯುವ ನೀರಿನ ಬೋರಿನಿಂದ ಕಡೇಪಕ್ಷ 50 ಅಡಿ ದೂರ ಇದೆಯೇ? ಪಂಚಾಯ್ತಿ ನಲ್ಲಿ ದಿನಕ್ಕೆ ಎಷ್ಟು ಹೊತ್ತು ಬರುತ್ತದೆ, ಸಂಪು ಇದೆಯೋ ಅಥವಾ ಬೀದಿಯ ತೊಂಬೆಯಿಂದ ಹಿಡಿದು ತರಬೇಕೋ? ಮೊಬೈಲು ಸಿಗ್ನಲ್ ಜಗುಲಿಯಲ್ಲಿ ಸಿಕ್ಕರೆ ಸಾಲದು, ಬಾಗಿಲು ಹಾಕಿಕೊಂಡು ಒಳಕೋಣೆಯಲ್ಲಿ ವಿಡಿಯೊ ಕರೆ ಮಾಡಿ ನೋಡಬೇಕು. ಹೆಂಚಿನ ಮನೆಯಾದರೆ ಊರಲ್ಲಿ ಕೋತಿ ಕಾಟ ಎಷ್ಟು ಎಂದು ಪಕ್ಕದ ಮನೆ ಅಮ್ಮನನ್ನು ಕೇಳಿ. ಮಳೆಗಾಲಕ್ಕೆ ಮುಂಚೆ ಒಡೆದ ಹೆಂಚು ಬದಲಿಸುವ ಖರ್ಚು ಯಾರದು ಎನ್ನುವುದೂ ಕರಾರಿನಲ್ಲಿರಲಿ.

ಸಾಮಾನು ಸಾಗಿಸುವುದು ಸುಲಭ, ಆದರೆ ಒಂದು ಎಚ್ಚರ. ಹೆದ್ದಾರಿಯಲ್ಲಿ ಸಲೀಸಾಗಿ ಬಂದ ಕ್ಯಾಂಟರ್ ಊರೊಳಗಿನ ಓಣಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಇಲ್ಲವೇ ತಗ್ಗಿ ಜೋತಾಡುವ ಕರೆಂಟು ತಂತಿಗೆ ಮೇಲಿನ ಬೀರು ತಾಗುತ್ತದೆ. ಮೊದಲೇ ಹೋಗಿ ಓಣಿಯ ಅಗಲ ಅಳೆದು ಬನ್ನಿ. ಸಂದೇಹವಿದ್ದರೆ ಊರ ಹೆಬ್ಬಾಗಿಲಲ್ಲಿ ಇಳಿಸಿ ಟಾಟಾ ಏಸ್‌ನಲ್ಲಿ ಎರಡು ಟ್ರಿಪ್ ಹೊಡೆಸಿ. ಫ್ಲ್ಯಾಟಿನ ದೊಡ್ಡ ಸೋಫಾ, ಆರು ಬಾಗಿಲ ವಾರ್ಡ್‌ರೋಬ್ ತರಬೇಡಿ; ಹಳೆ ಮನೆಯ ಬಾಗಿಲು ಕುಳ್ಳು, ಒಳಗೆ ಹೋಗುವುದೇ ಇಲ್ಲ.

ಬಂದ ಮೊದಲ ವಾರದಲ್ಲೇ ನೀರು ಪರೀಕ್ಷೆ ಮಾಡಿಸಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಮಾಡಿಕೊಡುತ್ತಾರೆ. ಬೋರ್ ಐದಾರು ನಿಮಿಷ ಓಡಿಸಿ ಆಮೇಲೆ ಬಾಟಲಿ ತುಂಬಬೇಕು. ಬ್ಯಾಕ್ಟೀರಿಯಾ ಪರೀಕ್ಷೆಗೆ ಅವರೇ ಕೊಡುವ ಶುದ್ಧ ಬಾಟಲಿ ಬೇಕು, ಒಂದು ದಿನದೊಳಗೆ ಮುಟ್ಟಿಸಬೇಕು. ಕೈಗೆ ಬಂದ ವರದಿಯಲ್ಲಿ ಫ್ಲೋರೈಡ್ ಸಾಲು ಮೊದಲು ನೋಡಿ: ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಿದರೆ ಕುಡಿಯಲು ಬಾರದು. ನೈಟ್ರೇಟ್ 45 ದಾಟಬಾರದು. ಗೊಬ್ಬರ ಸುರಿಯುವ ಕಬ್ಬಿನ ಗದ್ದೆಯ ಪಕ್ಕದ ಬೋರಿನಲ್ಲಿ ಇದನ್ನು ಬಿಡದೆ ನೋಡಬೇಕು. ನೀರು ಕುದಿಸಿದರೆ ಕ್ರಿಮಿ ಸಾಯುತ್ತವೆ, ಫ್ಲೋರೈಡೂ ನೈಟ್ರೇಟೂ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅವು ಗಟ್ಟಿಯಾಗುತ್ತವೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತರುವುದೇ ಕುಡಿಯಲಿಕ್ಕೆ ಸಾಕು. ಗಡಸು ನೀರು ಗೀಸರಿನ ಕಾಯಿಲ್ ತಿನ್ನುತ್ತದೆ. ಸ್ನಾನಕ್ಕೆ ಹಂಡೆ ಒಲೆ, ತೆಂಗಿನ ಮಟ್ಟೆ. ಇದನ್ನು ಹಳ್ಳಿ ವ್ಯಾಮೋಹದಿಂದ ಹೇಳುತ್ತಿಲ್ಲ, ಕಾಯಿಲ್ ಬದಲಿಸಿ ಬದಲಿಸಿ ಸಾಕಾಗಿ ಹೇಳುತ್ತಿದ್ದೇವೆ.

ವಿಳಾಸ ಬದಲಿಸುವ ಕಾಗದಗಳು ದೊಡ್ಡ ತಲೆನೋವಲ್ಲ. ಆಧಾರ್ ಮೊದಲು ಮಾಡಿಸಿ, ಮಿಕ್ಕಿದ್ದೆಲ್ಲ ಅದರ ಹಿಂದೆ ಬರುತ್ತದೆ. ಮತದಾರರ ಪಟ್ಟಿಗೆ ನಮೂನೆ 8, ಮಕ್ಕಳಿಗೆ ವರ್ಗಾವಣೆ ಪತ್ರದ ಜೊತೆ ಸ್ಯಾಟ್ಸ್ (ವಿದ್ಯಾರ್ಥಿಯ ಗುರುತಿನ) ಸಂಖ್ಯೆ. ಶಾಲೆಗೆ ಜೂನ್ ತಪ್ಪಿಸಿಕೊಳ್ಳಬೇಡಿ, ಅಷ್ಟೆ.

ವಾರಕ್ಕೆ ಎರಡು ದಿನ ಬೆಂಗಳೂರಿಗೆ ಹೋಗಬೇಕಾದವರು ಮನೆ ಹುಡುಕುವಾಗ ಹೆದ್ದಾರಿಗಿಂತ ರೈಲು ನಿಲ್ದಾಣ ನೋಡಲಿ ಎಂಬುದು ನಮ್ಮ ಅಭಿಪ್ರಾಯ. ಮದ್ದೂರು, ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದಿಂದ ಬೆಳಿಗ್ಗೆ ಹೋಗಿ ಸಂಜೆ ಮರಳುವವರ ದೊಡ್ಡ ಪಡೆಯೇ ಇದೆ. ಚಾಮುಂಡಿ ಎಕ್ಸ್‌ಪ್ರೆಸ್ ಅವರದೇ ಗಾಡಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ 118 ಕಿ.ಮೀ. ಬೆಂಗಳೂರು-ಮೈಸೂರು ಹೆದ್ದಾರಿ ಕಾರಿನವರಿಗೆ ಚೆನ್ನ. ಆದರೆ ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರಿಗೆ ಪ್ರವೇಶವಿಲ್ಲ. ಬೈಕಿನವರಿಗೆ ಸರ್ವಿಸ್ ರಸ್ತೆಯೇ ಗತಿ. ಕಬ್ಬು ಅರೆಯುವ ಕಾಲದಲ್ಲಿ ಆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ತೆವಳುವುದು ಏನೆಂದು ಒಂದು ಸಂಜೆ ನೋಡಿ ಬನ್ನಿ.

ಈಗ ಜಮೀನು. ಮಂಡ್ಯ ಎಂದರೆ ನೀರಾವರಿ ಎಂಬ ಭಾವನೆಯಲ್ಲಿ ಬರುವವರಿಗೆ ನಾಗಮಂಗಲದ ಬಹುಪಾಲು ರಾಗಿ, ಹುರುಳಿಯ ಖುಷ್ಕಿ, ಅಂದರೆ ಮಳೆಯಾಶ್ರಿತ ಜಮೀನು, ಎಂಬುದು ಗೊತ್ತಿರುವುದಿಲ್ಲ. ನೀರಾವರಿಯಲ್ಲೂ ಜಾತಿಗಳಿವೆ. ಶ್ರೀರಂಗಪಟ್ಟಣದ ಸುತ್ತ ವಿರಿಜಾ, ಬಂಗಾರದೊಡ್ಡಿ, ಚಿಕ್ಕದೇವರಾಜಸಾಗರ ನಾಲೆಗಳು ಹಳೇ ಅಣೆಕಟ್ಟುಗಳ ನಾಲೆಗಳು, ಹೊಳೆಯಿಂದಲೇ ನೀರು ಎಳೆದುಕೊಳ್ಳುತ್ತವೆ. ವಿ.ಸಿ. ನಾಲೆ ಕೆ.ಆರ್.ಎಸ್.ನಿಂದ ಹೊರಟು ಹುಲಿಕೆರೆ ಸುರಂಗ ದಾಟಿ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ಹೋಗುತ್ತದೆ. ನಾಲೆಯ ಕೊನೆಭಾಗದವರಿಗೆ ನೀರು ಮುಟ್ಟುವುದಿಲ್ಲ ಎಂಬ ಕೂಗು ಬಹಳ ಹಳೆಯದು, ನಿಜವೂ ಹೌದು. ಅಣೆಕಟ್ಟಿನ 124.80 ಅಡಿ ತುಂಬಿದ ಸುದ್ದಿ ಪತ್ರಿಕೆಯಲ್ಲಿ ಬಂದರೆ ನಿಮ್ಮ ಗದ್ದೆಗೆ ನೀರು ಬಂತು ಎಂದಲ್ಲ. ನೀರು ಕಡಿಮೆಯಿದ್ದರೆ ಕಟ್ಟುಪದ್ಧತಿ ಬರುತ್ತದೆ: ಕೆಲವು ದಿನ ಬಿಡುವುದು, ಕೆಲವು ದಿನ ನಿಲ್ಲಿಸುವುದು. ಆದ್ದರಿಂದ ಮಾರುವವರನ್ನು ಬಿಟ್ಟು ನಾಲೆಯ ನೀರು ಬಿಡುವ ನೀರಗಂಟಿಯನ್ನು ಹುಡುಕಿ ಕೇಳಬೇಕಾದ ಪ್ರಶ್ನೆ ಒಂದೇ. "2023ರಲ್ಲಿ ಈ ತೂಬಿಗೆ ಎಷ್ಟು ಕಟ್ಟು ನೀರು ಬಂತಣ್ಣ?" ಅದು ಬರದ ವರ್ಷ. ಆ ವರ್ಷದ ಉತ್ತರದ ಮೇಲೆ ಬೆಲೆ ಕಟ್ಟಿ. ಆಮೇಲೆ ತೂಬಿನಿಂದ ಜಮೀನಿನವರೆಗೆ ಹೊಲಗಾಲುವೆಯ ಮೇಲೆ ನಡೆದುಕೊಂಡೇ ಹೋಗಿ. ನಡುವೆ ಯಾರೋ ಕಾಲುವೆ ಮುಚ್ಚಿ ತೆಂಗು ಹಾಕಿದ್ದರೆ ಕಾಗದದಲ್ಲಿ ತರಿ (ನೀರಾವರಿ), ನೆಲದಲ್ಲಿ ಖುಷ್ಕಿ.

ಬೋರ್ ಇರುವ ಜಮೀನಾದರೆ ಮೇ ತಿಂಗಳ ಕೊನೆಯಲ್ಲಿ, ಮುಂಗಾರು ಹಿಡಿಯುವ ಮುಂಚೆ, ಎರಡು ಗಂಟೆ ಬಿಡದೆ ಓಡಿಸಿ. ಎಷ್ಟು ಇಂಚು ನೀರು ಎಂಬ ಬಾಯಿಮಾತು ಬೇಡ, 200 ಲೀಟರಿನ ಡ್ರಮ್ ಇಟ್ಟು ಗಡಿಯಾರ ನೋಡಿ. ಎರಡನೇ ಗಂಟೆಯ ಕೊನೆಯಲ್ಲೂ ನಾಲ್ಕು ನಿಮಿಷಕ್ಕೆ ಡ್ರಮ್ ತುಂಬಿದರೆ ನಿಮಿಷಕ್ಕೆ 50 ಲೀಟರ್ ಆಯಿತು. ಎಕರೆಗೆ 30 ಅಡಿ ಅಂತರದಲ್ಲಿ 48 ತೆಂಗು ಹಿಡಿಯುತ್ತವೆ. ಬೇಸಿಗೆಯಲ್ಲಿ ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 50 ಲೀಟರ್ ಲೆಕ್ಕ ಹಿಡಿದರೆ 2,400 ಲೀಟರ್, ಅಂದರೆ 48 ನಿಮಿಷ. ಆ ಲೆಕ್ಕದಲ್ಲಿ ಬೋರ್ ಸಾಕು. ಅದೇ ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿ ಎತ್ತಿ ಆಮೇಲೆ ಉಸಿರು ಕಟ್ಟಿದ ಹಾಗೆ ಗಾಳಿ ನೀರು ಗಾಳಿ ನೀರು ಬಂದರೆ ಆ ಬೋರಿಗೆ ಬೆಲೆಯಿಲ್ಲ. ಹೊಸದಾಗಿ ಕೊರೆಸುತ್ತೇವೆ ಎನ್ನುವವರು ಸುತ್ತಲಿನ ನಾಲ್ಕು ಬೋರಿನ ಆಳ, ಕೊರೆದ ವರ್ಷ ಕೇಳಿ ಬರೆದುಕೊಳ್ಳಿ. ವರ್ಷ ಕಳೆದಂತೆ ಆಳ ಹೆಚ್ಚುತ್ತಾ ಬಂದಿದ್ದರೆ ನಿಮ್ಮದು ಇನ್ನೂ ಆಳಕ್ಕೆ ಹೋಗುತ್ತದೆ. ಅಂತರ್ಜಲ ಕಾಯ್ದೆಯ ಅಧಿಸೂಚಿತ ತಾಲ್ಲೂಕಾದರೆ ಮೊದಲೇ ಅನುಮತಿ ಬೇಕು. ಕೈಯಲ್ಲಿ ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸುವವರೂ ಬರುತ್ತಾರೆ. ಊರಿನವರ ಮನಸ್ಸಿಗೆ ಬೇಕಾದರೆ ತೋರಿಸಲಿ, ದುಡ್ಡು ಹಾಕುವುದು ಪಕ್ಕದ ಬೋರುಗಳ ಲೆಕ್ಕದ ಮೇಲಿರಲಿ.

ಮಣ್ಣಿಗೆ ಬಂದರೆ, ಎಕರೆಯಲ್ಲಿ ಎಂಟು ಹತ್ತು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ ಆರಿಂಚು ಗುಂಡಿ ತೋಡಿ ಪಕ್ಕದ ಮಣ್ಣು ಕೆರೆದು ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಟ್ಟು, ಹೀಗೆ ಅರ್ಧ ಕಿಲೋಗೆ ಇಳಿಸಿ ನೆರಳಲ್ಲಿ ಒಣಗಿಸಿ ಕೊಡಬೇಕು. ಮಂಡ್ಯದ ವಿ.ಸಿ. ಫಾರಂ, ಮೈಸೂರು ಕಡೆಯವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ ಹತ್ತಿರ. ತಿಪ್ಪೆ ಹಾಕಿದ್ದ ಜಾಗ, ತೆವರಿಯ (ಬದುವಿನ) ಪಕ್ಕ, ಮರದ ಬುಡದ ಮಣ್ಣು ಸೇರಿಸಬಾರದು, ಫಲಿತಾಂಶ ಸುಳ್ಳಾಗುತ್ತದೆ. ರಸಸಾರ (ಪಿಎಚ್) 8.5 ದಾಟಿದ್ದರೆ ಕ್ಷಾರದ ಮಣ್ಣು. ಜಿಪ್ಸಂ ಹಾಕಿ ಸರಿಮಾಡಬಹುದು, ಆದರೆ ಕೆಳಗೆ ನೀರು ಬಸಿಯಲು ದಾರಿಯಿಲ್ಲದಿದ್ದರೆ ಹಾಕಿದ ಜಿಪ್ಸಂ ದಂಡ. ಬಸಿಗಾಲುವೆ ಎಲ್ಲಿದೆ, ಅದು ಹೂಳು ತುಂಬಿದೆಯೇ ಎಂದು ಆಗಲೇ ನೋಡಬೇಕು.

ಕಾಗದದ ಕೆಲಸ ಉದ್ದ, ಹಾಗಾಗಿ ಇಲ್ಲಿ ಸ್ವಲ್ಪ ಕೂತುಕೊಳ್ಳೋಣ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಅಚ್ಚುಕಟ್ಟಿನ ನೀರಾವರಿ ಜಮೀನನ್ನು ಕೃಷಿಗೇ ಬಳಸಬೇಕೆಂಬ ಷರತ್ತು ಜೊತೆಗೇ ಬಂದಿದೆ, ಅದನ್ನು ಮರೆತು ಗದ್ದೆ ನಡುವೆ ರೆಸಾರ್ಟ್ ಕನಸು ಕಾಣಬೇಡಿ. ಪಹಣಿಯನ್ನು, ಅಂದರೆ ಜಮೀನಿನ ಹಕ್ಕಿನ ದಾಖಲೆಯನ್ನು, ಮೊಬೈಲಿನಲ್ಲಿ ನೋಡಿ ಹೆಸರು ಸರಿಯಿದೆ ಎಂದು ಮುಚ್ಚಿಡುವವರೇ ಹೆಚ್ಚು. ಅದನ್ನು ಕಾಲಂ ಕಾಲಂ ಓದಬೇಕು. 3ನೇ ಕಾಲಂನಲ್ಲಿ ವಿಸ್ತೀರ್ಣದ ಕೆಳಗೆ ಖರಾಬು ಇರುತ್ತದೆ: ಅ ಖರಾಬು ಬಂಡೆ, ಕೊರಕಲಿನಂಥ ಸಾಗುವಳಿಗೆ ಬಾರದ ಜಾಗ, ಬ ಖರಾಬು ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ, ಅದು ನಿಮ್ಮದಾಗುವುದೇ ಇಲ್ಲ. 2 ಎಕರೆ ಎಂದು ದುಡ್ಡು ಕೊಟ್ಟು ಅದರಲ್ಲಿ 6 ಗುಂಟೆ ಬ ಖರಾಬು ಕೊಂಡವರಿದ್ದಾರೆ. 9ನೇ ಕಾಲಂನಲ್ಲಿ ಒಡೆಯರ ಹೆಸರು, ಒಂದಕ್ಕಿಂತ ಹೆಚ್ಚಿದ್ದರೆ ಜಂಟಿ. 10ರಲ್ಲಿ ಆ ಹೆಸರು ಹೇಗೆ ಬಂತು ಎಂಬ ಎಂಆರ್ (ಖಾತೆ ಬದಲಾವಣೆಯ) ಸಂಖ್ಯೆ. 11ರಲ್ಲಿ ಸಾಲ, ಅಡಮಾನ, ಕೋರ್ಟಿನ ತಡೆ. ಬೆಳೆಸಾಲ ಸೊಸೈಟಿಯದಾದರೂ ತೀರಿಸಿ, ಆ ಸಾಲು ಅಳಿಸಿ, ಹೊಸ ಪಹಣಿ ತಂದು ತೋರಿಸಿದ ಮೇಲೆ ಮಾತು ಮುಂದುವರಿಯಲಿ.

ಸರ್ವೆ ನಂಬರಿನ ಪಕ್ಕದಲ್ಲಿ ಪಿ ಅಕ್ಷರವಿದ್ದರೆ, ಅಥವಾ ಪೈಕಿ ಎಂದಿದ್ದರೆ, ಪೋಡಿ, ಅಂದರೆ ಅಳತೆ ಮಾಡಿ ಬೇರೆ ನಂಬರ್ ಕೊಡುವುದು, ಆಗಿಲ್ಲ ಎಂದರ್ಥ. ನೂರು ಎಕರೆಯ ಸರ್ವೆ ನಂಬರಿನಲ್ಲಿ ಇವರ 2 ಎಕರೆ ಎಲ್ಲಿದೆ ಎಂದು ಕಾಗದ ಹೇಳುವುದಿಲ್ಲ, ಬಾಯಿ ಹೇಳುತ್ತದೆ. ಇಂಥವು ಹೆಚ್ಚಾಗಿ ಮಂಜೂರಾದ ಜಮೀನುಗಳು. ತಾಲ್ಲೂಕು ಕಚೇರಿಯ ಅಭಿಲೇಖಾಲಯದಿಂದ ಮೂಲ ಮಂಜೂರಾತಿ ಕಡತ, ಸಾಗುವಳಿ ಚೀಟಿಯ ನಕಲು ತೆಗೆಸಿ ಪರಭಾರೆ (ಮಾರಾಟ) ಷರತ್ತು ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದಾದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ: ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೊಂಡರೆ ಕ್ರಯ ನಿಲ್ಲುವುದಿಲ್ಲ. ನಡುವೆ ಮೂರು ಕೈ ಬದಲಾಗಿದ್ದರೂ ಅಷ್ಟೆ. 2023ರ ತಿದ್ದುಪಡಿಯ ನಂತರ ಮೂಲ ಮಂಜೂರಾತಿದಾರರ ಕಡೆಯವರು ಕೇಳಲು ಕಾಯ್ದೆಯಲ್ಲಿ ಕಾಲಮಿತಿಯಿಲ್ಲ. ಅವರ ಹಕ್ಕಿಗಾಗಿಯೇ ಇರುವ ಕಾಯ್ದೆ ಇದು. ಸುತ್ತು ದಾರಿ ಹೇಳಿಕೊಡುವ ದಳ್ಳಾಳಿಯಿಂದ ದೂರ ಇರಿ.

ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇರುವುದು ಇಲ್ಲಿ ಸಾಮಾನ್ಯ. ಫೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ, ಮಾಡಿಸದೆ ಒಬ್ಬ ಮಗ ಬಂದು ಮಾರುತ್ತೇನೆ ಎನ್ನುತ್ತಾನೆ. ವಂಶವೃಕ್ಷ ತರಿಸಿ, ಅದರಲ್ಲಿ ಹೆಣ್ಣುಮಕ್ಕಳ ಹೆಸರು ಇದೆಯೇ ನೋಡಿ. "ಅಕ್ಕಂದಿರ್ಗೆ ಮದ್ವೆ ಮಾಡ್ಕೊಟ್ಟಾಯ್ತಲ್ಲ, ಅವರ್ದೇನೂ ಇಲ್ಲ ಕಣ್ರೀ" ಎಂಬ ಮಾತಿಗೆ ತಲೆಯಾಡಿಸಬೇಡಿ. 2005ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲು. ಅಕ್ಕತಂಗಿಯರೆಲ್ಲ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕಲಿ. ಮನೆಗೆ ಹೋಗಿ ಹಾಕಿಸಿಕೊಂಡು ಬಂದ ಒಪ್ಪಿಗೆ ಪತ್ರ ಮುಂದೆ ದಾವೆಗೆ ದಾರಿ. ಋಣಭಾರ ಪತ್ರ 2004ರ ಏಪ್ರಿಲ್‌ನಿಂದ ಈಚೆಗಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ; ಹಿಂದಿನದನ್ನು ಕಚೇರಿಯಲ್ಲೇ ಅರ್ಜಿ ಹಾಕಿ ತೆಗೆಸಬೇಕು. ಈಚಿನದನ್ನಷ್ಟೇ ತೋರಿಸಿ ಕ್ಲೀನ್ ಎನ್ನುವವರೇ ಹೆಚ್ಚು.

ಅಳತೆಯ ದಿನ ತಪ್ಪದೆ ನೀವೇ ಹೋಗಿ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ, ಅಂದರೆ ಆ ಭಾಗವನ್ನು ಅಳೆದು ಬರೆದ ಸರ್ವೆ ನಕ್ಷೆ, ಇಲ್ಲದೆ ನೋಂದಣಿಯಾಗದು. ಪೂರ್ತಿ ನಂಬರ್ ಕೊಳ್ಳುವುದಾದರೂ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸಲು, ಅರ್ಜಿ ಹಾಕಿಸಿ, ಅಕ್ಕಪಕ್ಕದ ಬಾಜುದಾರರಿಗೆಲ್ಲ ನೋಟಿಸ್ ಹೋಗಲಿ. ಸರ್ವೆಯರ್ ಹಳೇ ಟಿಪ್ಪಣಿ, ಅಂದರೆ ಮೂಲ ಅಳತೆಯ ದಾಖಲೆ, ಬಿಚ್ಚುತ್ತಾರೆ. ಅದರ ಅಳತೆ ಸರಪಳಿ, ಆಣೆಯಲ್ಲಿ: ಒಂದು ಸರಪಳಿ 33 ಅಡಿ, ಹದಿನಾರು ಆಣೆಗೆ ಒಂದು ಸರಪಳಿ, ಹಾಗಾಗಿ ಒಂದು ಆಣೆ ಎರಡು ಅಡಿ ಮುಕ್ಕಾಲಿಂಚು. 33 ಅಡಿಗೆ 33 ಅಡಿ, 1,089 ಚದರಡಿ, ಇದೇ ಗುಂಟೆ. ಸರ್ವೆಯರ್ ಮೊದಲು ಹುಡುಕುವುದು ಗಡಿಯ ಹಳೇ ಬಾಂದು ಕಲ್ಲು. ಪೊದೆ ಕಡಿದು, ಮಣ್ಣು ಕೆದಕಿ, ಅರ್ಧ ಹೂತ ಕಲ್ಲು ಸಿಕ್ಕಿದಾಗ ಅಲ್ಲಿಂದ ಅಳತೆ ಶುರು. ಟ್ರ್ಯಾಕ್ಟರ್ ಬಂದ ಮೇಲೆ ತೆವರಿ ವರ್ಷಕ್ಕೆ ಒಂದೊಂದು ಸಾಲು ಸವೆದು ಪಕ್ಕಕ್ಕೆ ಸರಿದಿರುತ್ತದೆ. ಅಳತೆಯ ಗೆರೆ ಪಕ್ಕದವರ ತೆಂಗಿನ ಸಾಲಿನ ಮೇಲೆ ಹಾದುಹೋದರೆ ಅಲ್ಲಿ ನಿಲ್ಲುವ ಮೌನವನ್ನು ಗಮನಿಸಿ, ಅದೇ ನಿಮ್ಮ ಮುಂದಿನ ಹತ್ತು ವರ್ಷದ ನೆರೆಹೊರೆ. ಎರಡು ಅಡಿಗೆ ಜಗಳ ಬೇಡವೆಂದರೆ ಅದನ್ನು ಕ್ರಯದ ವಿಸ್ತೀರ್ಣದಿಂದಲೇ ಕಳೆದು ಬರೆಸುವುದು ಒಳ್ಳೆಯದು.

ಅದೇ ದಿನ ದಾರಿಯನ್ನೂ ನೋಡಿಕೊಳ್ಳಬೇಕು. ಗ್ರಾಮನಕ್ಷೆಯಲ್ಲಿ ದಾರಿ ಇದ್ದರೆ ಅದು ನಕಾಶೆ ದಾರಿ, ಯಾರೂ ಮುಚ್ಚುವಂತಿಲ್ಲ. ನಕ್ಷೆಯಲ್ಲಿಲ್ಲದ ಬಂಡಿದಾರಿ, ಕಾಲುದಾರಿ ಹೆಚ್ಚಾಗಿ ಪಕ್ಕದವರ ಮರ್ಜಿ. ಈಗಿನ ಯಜಮಾನರು ಬಿಡುತ್ತಾರೆ, ಅವರ ಮಗ ಬೇಲಿ ಹಾಕುತ್ತಾನೆ. ಮಾರುವವರದೇ ಮುಂದಿನ ಜಮೀನಾದರೆ ದಾರಿಯ ಅಗಲ, ಉದ್ದ, ದಿಕ್ಕು ಕ್ರಯಪತ್ರದ ಚೆಕ್ಕುಬಂದಿಯಲ್ಲೇ (ಗಡಿ ವಿವರದಲ್ಲೇ) ಬರಬೇಕು.

ಮುಂಗಡ ನಗದಿನಲ್ಲಿ 20,000 ರೂಪಾಯಿ ಅಥವಾ ಹೆಚ್ಚು ಕೊಡುವಂತಿಲ್ಲ, ಆದಾಯ ತೆರಿಗೆ ಕಾನೂನು ಅದನ್ನು ತಡೆಯುತ್ತದೆ, ಬ್ಯಾಂಕಿನಲ್ಲೇ ಕೊಡಿ. ಖರ್ಚಿನ ಲೆಕ್ಕದಲ್ಲಿ ಮುದ್ರಾಂಕ ಶುಲ್ಕ 5 ಶೇಕಡಾ, ಅದರ ಮೇಲೆ ಸೆಸ್, ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1ರಿಂದ 2 ಶೇಕಡಾ ಆಗಿದೆ. ನೋಂದಣಿಯಾದ ಮೇಲೆ ಖಾತೆ ಬದಲಾವಣೆಗೆ ಜೆ ಸ್ಲಿಪ್ ಎಂಬ ಸೂಚನೆ ಭೂಮಿ ಕೇಂದ್ರಕ್ಕೆ ತಾನಾಗಿ ಹೋಗುತ್ತದೆ, ಆಕ್ಷೇಪಣೆಯ ಅವಧಿ ಮುಗಿದ ಮೇಲೆ ಖಾತೆ ಬದಲು. ಹೊಸ ಪಹಣಿಯಲ್ಲಿ ನಿಮ್ಮ ಹೆಸರಿನ ಅಕ್ಷರ ಆಧಾರ್‌ನಂತೆಯೇ ಇದೆಯೇ ನೋಡಿ. ಒಂದು ಇನಿಷಿಯಲ್ ತಪ್ಪಿದರೂ ರೈತ ಸಂಪರ್ಕ ಕೇಂದ್ರದಲ್ಲಿ ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ ಕೊಡುವಾಗ ತಕರಾರು ಬರುತ್ತದೆ, ಎಫ್‌ಐಡಿ ಇಲ್ಲದೆ ಹನಿ ನೀರಾವರಿ ಸಹಾಯಧನವೂ ಇಲ್ಲ, ಬೆಳೆ ಪರಿಹಾರವೂ ಇಲ್ಲ.

ಊರೊಳಗೆ ಗ್ರಾಮಠಾಣದ ಮನೆ ಕೊಳ್ಳುವವರಿಗೆ ಇದೆಲ್ಲ ಇಲ್ಲ. ಅಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11 ಕೇಳಿ, ಪಿಡಿಒ ಸಹಿಯ ಹಳೇ ಕಾಗದ ಒಪ್ಪಬೇಡಿ. ಶ್ರೀರಂಗಪಟ್ಟಣ ಪಟ್ಟಣದೊಳಗಾದರೆ ಇನ್ನೊಂದು ಪ್ರಶ್ನೆ: ಸಂರಕ್ಷಿತ ಸ್ಮಾರಕದಿಂದ ಎಷ್ಟು ದೂರ? 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ಗೆ ಅನುಮತಿ ಬೇಕು. ಮೈಸೂರಿನ ಸುತ್ತ ಹತ್ತು ಗುಂಟೆಯ ತೋಟ ಎಂದು ಮಾರುವ ಫಾರ್ಮ್ ಪ್ಲಾಟುಗಳಲ್ಲಿ ನಿಮ್ಮ ಹೆಸರಿಗೆ ಪ್ರತ್ಯೇಕ ಪಹಣಿ, ಪ್ರತ್ಯೇಕ ನಕ್ಷೆ ಬರುತ್ತದೆಯೇ ಎಂದು ಕೇಳಿ. ಅವಿಭಜಿತ ಪಾಲು ಎಂಬ ಉತ್ತರ ಬಂದರೆ ಟೀ ಕುಡಿದು ಎದ್ದು ಬನ್ನಿ.

ತೋಟದಲ್ಲೇ ಮನೆ ಕಟ್ಟುವ ಆಸೆ ಎಲ್ಲರಿಗೂ. ಇದರಲ್ಲಿ ನಗರದವರು ಎಡವುವುದು ಕರೆಂಟಿನಲ್ಲಿ. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಊರಿನ ಫೀಡರೇ ಬೇರೆ, ಪಂಪ್‌ಸೆಟ್ಟಿನ ಫೀಡರೇ ಬೇರೆ. ಊರಿಗೆ ದಿನವಿಡೀ ಕರೆಂಟು. ಪಂಪ್‌ಸೆಟ್ ಲೈನಿಗೆ ತ್ರೀ ಫೇಸ್ ದಿನಕ್ಕೆ 7 ಗಂಟೆ, ಅದೂ ಪಾಳಿಯಲ್ಲಿ. ಗ್ರಾಮಠಾಣದಿಂದ ದೂರದ ತೋಟದ ಮನೆ ಹೆಚ್ಚಾಗಿ ಈ ಎರಡನೆಯ ಲೈನಿಗೆ ನೇತುಬೀಳುತ್ತದೆ. ಊರಲ್ಲಿ ಫ್ಯಾನ್ ತಿರುಗುತ್ತಿರುವಾಗ ನಿಮ್ಮ ಮನೆಯಲ್ಲಿ ಫ್ರಿಜ್ ಕರಗುತ್ತಿರುತ್ತದೆ. ಲೈನ್‌ಮನ್ನನ್ನು ಕರೆದುಕೊಂಡು ಹೋಗಿ ಯಾವ ಕಂಬದಿಂದ, ಯಾವ ಫೀಡರಿನಿಂದ ಎಂದು ಜಾಗದಲ್ಲೇ ಕೇಳಿ. ಮಾಡಿಗೆ ಸೋಲಾರ್ ಹಾಕಿಸಿಕೊಂಡರೆ ಆಯಿತಲ್ಲ ಎನ್ನುತ್ತಾರೆ. ಪಿಎಂ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಇರುವುದು ನಿಜ. ಆದರೆ ಗ್ರಿಡ್‌ಗೆ ಕಟ್ಟಿದ ಸಾದಾ ಇನ್ವರ್ಟರ್ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ, ಕಂಬದ ಮೇಲಿರುವ ಲೈನ್‌ಮನ್ ಪ್ರಾಣ ಉಳಿಯಲಿ ಎಂದು ಅದನ್ನು ಹಾಗೆಯೇ ಮಾಡಿರುತ್ತಾರೆ. ಬಿಸಿಲು ಸುಡುತ್ತಿದ್ದರೂ ಮನೆ ಕತ್ತಲು. ತೋಟದ ಮನೆಗೆ ಬ್ಯಾಟರಿ ಇರುವ ಹೈಬ್ರಿಡ್ ಬೇಕು.

ಪಂಪಿನ ಸ್ಟಾರ್ಟರ್ ಡಬ್ಬಿಯ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ ಮೂರು ದೀಪ ಹಾಕಿಸಿ. ಮೂರೂ ಒಂದೇ ಸಮ ಉರಿದರೆ ಮೂರು ಫೇಸೂ ಇವೆ. ಒಂದು ಮಂಕಾದರೆ ಮೋಟರ್ ಮುಟ್ಟಬೇಡಿ. ಮೂರು ಹೊರಬೇಕಾದ ಭಾರವನ್ನು ಎರಡು ಫೇಸ್ ಹೊತ್ತು ಕರೆಂಟು ಜಾಸ್ತಿ ಎಳೆದು ವೈಂಡಿಂಗ್ ಸುಡುತ್ತದೆ. ಸಿಂಗಲ್ ಫೇಸ್ ಪ್ರಿವೆಂಟರೂ ಡ್ರೈ ರನ್ ರಕ್ಷಣೆಯೂ ಇಲ್ಲದ ಆಟೊ ಸ್ಟಾರ್ಟರ್ ಅಂದರೆ ರಾತ್ರಿ ಎರಡಕ್ಕೆ ಕರೆಂಟು ಬಂದಾಗ ತಾನೇ ಶುರುವಾಗಿ, ಬೋರು ಬರಿದಾದ ಮೇಲೂ ಬೆಳಗಿನವರೆಗೆ ಓಡಿ ಸುಟ್ಟುಕೊಳ್ಳುವ ಯಂತ್ರ. ಸಿಂಗಲ್ ಫೇಸಿನಲ್ಲೇ ಕಂಡೆನ್ಸರ್ ಹಾಕಿ ಓಡಿಸುವುದನ್ನು ಯಾರೋ ಹೇಳಿಕೊಡುತ್ತಾರೆ. ನಾಲ್ಕು ಜನ ಹಾಗೆ ಮಾಡಿದ ರಾತ್ರಿ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಸುಟ್ಟುಹೋಗುತ್ತದೆ, ಹೊಸ ಟಿ.ಸಿ. ಬರುವವರೆಗೆ ಇಡೀ ಬಯಲು ಒಣಗುತ್ತದೆ, ಹೊಸಬರ ಮೇಲೇ ಮೊದಲ ಅನುಮಾನ. ಡಬ್ಬಿಯ ಕೇಬಲ್ ತೂತುಗಳನ್ನು ಮುಚ್ಚಿ. ಹಲ್ಲಿ ಒಳಗೆ ಹೋಗಿ ಕಾಂಟ್ಯಾಕ್ಟಿನ ನಡುವೆ ಸತ್ತು ಪಂಪ್ ನಿಂತಿರುತ್ತದೆ, ನಾವು ಕೇಬಲ್ಲೆಲ್ಲ ಕಿತ್ತು ಹುಡುಕುತ್ತಿರುತ್ತೇವೆ. ತೆಗೆಯುವ ಮುಂಚೆ ಫ್ಯೂಸ್ ಕಳಚಿ ಜೇಬಿನಲ್ಲಿ ಇಟ್ಟುಕೊಳ್ಳಿ.

ಹಾವು, ಚಿರತೆ ಎರಡೂ ಇವೆ. ನಾಗರ, ಮಂಡಲ, ಕಟ್ಟುಹಾವು ಮೂರೂ ಈ ಸೀಮೆಯಲ್ಲಿ ಕಾಣುವಂಥವು. ಹುಲ್ಲಿನ ಮೆದೆ, ಸೌದೆ, ಹೆಂಚಿನ ರಾಶಿ ಮನೆ ಗೋಡೆಗೆ ಒರಗಿಸಬೇಡಿ, ಕತ್ತಲಲ್ಲಿ ಬ್ಯಾಟರಿ ಇಲ್ಲದೆ ತೆವರಿ ತುಳಿಯಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿ ಬೇಡ. ಕಾಲು ಅಲ್ಲಾಡಿಸದೆ ವಾಹನದಲ್ಲಿ ನೇರ ಆಸ್ಪತ್ರೆಗೆ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ದೊಡ್ಡವು, ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ವಿಷನಿರೋಧಕ ಚುಚ್ಚುಮದ್ದು ಇರುತ್ತದೆಯೇ ಎಂದು ಮೊದಲೇ ವಿಚಾರಿಸಿಡಿ. ಚಿರತೆಗೆ ಆಳುದ್ದದ ಕಬ್ಬಿನ ಗದ್ದೆಯೇ ಕಾಡು, ಮರಿ ಹಾಕುವುದೂ ಅಲ್ಲೇ. ಕಟಾವಿನ ತಿಂಗಳುಗಳಲ್ಲಿ ನೆಲೆ ತಪ್ಪಿ ಊರ ಕಡೆ ಬರುತ್ತದೆ. ನಾಯಿಯನ್ನು ರಾತ್ರಿ ಹೊರಗೆ ಕಟ್ಟಬೇಡಿ, ಕುರಿ ಕೊಟ್ಟಿಗೆಗೆ ಮೇಲೂ ಜಾಲರಿ ಇರಲಿ, ಸಂಜೆ ಆರರ ಮೇಲೆ ಮಕ್ಕಳು ಕಬ್ಬಿನ ಪಕ್ಕದ ದಾರಿಯಲ್ಲಿ ಒಬ್ಬೊಬ್ಬರೇ ಓಡಾಡುವುದು ಬೇಡ.

ಕೊನೆಯಲ್ಲಿ ಬೇಲಿ. ಖಾತೆಯಾದ ವಾರವೇ ಸುತ್ತ ಕಲ್ಲುಕಂಬ ನೆಟ್ಟು ತಂತಿ ಎಳೆಯುವುದು ನಗರದಿಂದ ಬಂದವರ ಮೊದಲ ಕೆಲಸ. ಗಡಿಯ ಮೇಲೇ ಕಂಬ ನೆಟ್ಟರೆ ಪಕ್ಕದವರ ಟ್ರ್ಯಾಕ್ಟರ್ ಉಳುಮೆಯ ಸಾಲಿನ ತುದಿಯಲ್ಲಿ ತಿರುಗಲು ಜಾಗವಿರುವುದಿಲ್ಲ. ತಂತಿಗೆ ತಾಗಿಸಿಕೊಂಡೇ ತಿರುಗಿಸುತ್ತಾರೆ, ಎರಡು ಉಳುಮೆಗೆ ನಿಮ್ಮ ಕಂಬ ವಾಲುತ್ತದೆ. ಸಾಲು ಬಂದು ನಿಲ್ಲುವ ಬದಿಯಲ್ಲಿ ಮೂರು ಅಡಿ ಒಳಗೆ ಸರಿಸಿ ನೆಡಿ. ಬಾಂದು ಕಲ್ಲುಗಳನ್ನು ಬೇಲಿಯ ಹೊರಗೆ ಕಾಣುವ ಹಾಗೆ ಬಿಟ್ಟು, ಒಂದೊಂದಕ್ಕೂ ಸುಣ್ಣ ಬಳಿದು ಪಕ್ಕದವರನ್ನು ಕರೆದು ತೋರಿಸಿ. ಹೊಲಗಾಲುವೆಯ ಮೇಲೆ ಕಂಬ ಬರಲೇಬಾರದು. ಮುಂದಿನ ಕಟ್ಟಿನಲ್ಲಿ ನೀರು ಬಂದಾಗ ಕಾಲುವೆ ಬಗೆಯಲು ಮೊದಲು ಗುದ್ದಲಿ ಹಿಡಿದು ಬರುವವರು ಆ ಪಕ್ಕದವರೇ.